ಬಾಟ್ಲಿಯೊಳಗೆ ಏನಿದೆ ಅಂತ ಹೊರಗೆ ಬರೆಸಿ: ಲೇಬಲ್ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮನೆಬಳಕೆಯ ಸಾಮಾನುಗಳಿಗೆ ಮಾನದಂಡ ಬರೆಯುವ, ಲೇಬಲ್ ಮೇಲೆ ಏನಿರಬೇಕು, ಏನಿಲ್ಲದಿದ್ದರೂ ನಡೆಯುತ್ತದೆ ಎಂದು ತೀರ್ಮಾನಿಸುವ ಅಧಿಕಾರಿಗಳಿಗೆ ನಮಸ್ಕಾರ.

ನನ್ನ ಬೇಡಿಕೆ ದೊಡ್ಡದಲ್ಲ. ನೆಲ ಒರೆಸುವ ದ್ರಾವಣ, ಟಾಯ್ಲೆಟ್ ಕ್ಲೀನರ್, ರೂಮ್ ಫ್ರೆಶ್ನರ್, ಸೊಳ್ಳೆ ಬತ್ತಿ, ಬಟ್ಟೆ ಒಗೆಯುವ ಪುಡಿ, ಇವುಗಳ ಒಳಗೆ ಏನೇನು ಹಾಕಿದ್ದಾರೋ ಅದನ್ನೆಲ್ಲ ಹೊರಗೆ ಬರೆಸಿ. ಅರ್ಧಂಬರ್ಧ ಬೇಡ, ಪೂರ್ತಿ ಬರೆಸಿ. ಕೊಳ್ಳುವವರು ಓದುವ ಭಾಷೆಯಲ್ಲಿ, ಭೂತಗನ್ನಡಿ ಇಲ್ಲದೆ ಓದಲು ಆಗುವ ಅಕ್ಷರದಲ್ಲಿ. ಜೊತೆಗೆ ಇನ್ನೊಂದು ಸಾಲು ಸೇರಿಸಿ: ಇದನ್ನು ಉಸಿರಿನಲ್ಲಿ ಎಳೆದುಕೊಂಡರೆ ಏನಾಗುತ್ತದೆ ಎಂದು ಯಾರಾದರೂ ಪರೀಕ್ಷೆ ಮಾಡಿದ್ದಾರಾ, ಇಲ್ಲವಾ? ಹೌದು ಅಥವಾ ಇಲ್ಲ, ಅಷ್ಟು ಸಾಕು.

ಉಸಿರಿನ ಮಾತನ್ನೇ ಯಾಕೆ ಮೊದಲು ಎತ್ತಿದೆ ಅಂದರೆ ದಕ್ಷಿಣ ಕೊರಿಯಾದಲ್ಲಿ ನಡೆದದ್ದರಿಂದ. ಅದು ನಿಮಗೆ ಗೊತ್ತೇ ಇರುತ್ತದೆ. ಆದರೆ ಈ ಪತ್ರ ಓದುವ ಬೇರೆಯವರಿಗೆ ಗೊತ್ತಿಲ್ಲದೆ ಇರಬಹುದು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಲ್ಲಿ ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ತುಂಬಾ ಒಣಗಿರುತ್ತದೆ. ಗಾಳಿಗೆ ತೇವ ತುಂಬಲು ಹ್ಯೂಮಿಡಿಫೈಯರ್ ಇಟ್ಟುಕೊಳ್ಳುವುದು ಮಾಮೂಲಿ. ಅದರ ನೀರಿನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯಬಾರದು ಅಂತ 1994ರಿಂದ ಒಂದು ಬಗೆಯ ದ್ರಾವಣ ಅಂಗಡಿಗೆ ಬಂತು. ಸ್ವಲ್ಪ ಅಳೆದು ನೀರಿಗೆ ಸುರಿದರೆ ಮುಗಿಯಿತು, ಯಂತ್ರ ತಿಕ್ಕಿ ತೊಳೆಯುವ ಕೆಲಸ ಉಳಿಯಿತು. ಮಕ್ಕಳಿದ್ದರೂ ಚಿಂತೆಯಿಲ್ಲ ಎಂಬ ಭರವಸೆ ಕೆಲವು ಲೇಬಲ್‌ಗಳ ಮೇಲೇ ಇತ್ತು. ಇವುಗಳಲ್ಲಿ ಹೆಚ್ಚು ಬಳಕೆಯಾದದ್ದು ಪಿಎಚ್‌ಎಂಜಿ ಎಂಬ ಸೋಂಕುನಾಶಕ. ಅದು ಚರ್ಮಕ್ಕೆ ತಾಗಿದರೆ, ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ಮೊದಲೇ ನೋಡಿದ್ದರು, ಆ ಲೆಕ್ಕದಲ್ಲಿ ಅದು ಅಷ್ಟೇನೂ ಭಯಪಡುವ ವಸ್ತುವಾಗಿರಲಿಲ್ಲ. ಆದರೆ ಈ ಯಂತ್ರ ಅದನ್ನು ಸಣ್ಣ ಹನಿಗಳಾಗಿ ಒಡೆದು ಮುಚ್ಚಿದ ಕೋಣೆಯ ಗಾಳಿಗೆ ಬಿಡುತ್ತಿತ್ತು, ಮಲಗಿದವರು ರಾತ್ರಿಯಿಡೀ ಅದನ್ನೇ ಉಸಿರಾಡುತ್ತಿದ್ದರು. ಉಸಿರಿಗೆ ಹೋದರೆ ಏನು ಕಥೆ ಎಂದು ಮಾರಾಟಕ್ಕೆ ಮೊದಲು ಯಾರೂ ನೋಡಿರಲಿಲ್ಲ.

2006ರ ಹೊತ್ತಿಗೇ ಅಲ್ಲಿನ ಮಕ್ಕಳ ವೈದ್ಯರಿಗೆ ಏನೋ ವಿಚಿತ್ರ ಕಂಡಿತ್ತು. ಚಳಿ ಮುಗಿಯುವ ಹೊತ್ತಿಗೆ ಪುಟ್ಟ ಮಕ್ಕಳು ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯಿಂದ ಆಸ್ಪತ್ರೆಗೆ ಬರುತ್ತಿದ್ದರು, ಯಾವ ಔಷಧಿಗೂ ಬಗ್ಗುತ್ತಿರಲಿಲ್ಲ. ವೈರಸ್ ಇರಬಹುದೆಂದು ಹುಡುಕಿದರು, ಸಿಗಲಿಲ್ಲ. 2011ರಲ್ಲಿ ಸೋಲ್ ನಗರದ ಒಂದು ಆಸ್ಪತ್ರೆಗೆ ಗರ್ಭಿಣಿಯರು, ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಅದೇ ತೊಂದರೆಯಿಂದ ಬಂದಾಗ ವೈದ್ಯರು ಸರ್ಕಾರಕ್ಕೆ ತಿಳಿಸಿದರು. ಆಗಸ್ಟ್ ಕೊನೆಗೆ ತನಿಖೆ ಈ ದ್ರಾವಣದ ಕಡೆ ಬೆರಳು ತೋರಿಸಿತು. ನವೆಂಬರ್‌ನಲ್ಲಿ ಪ್ರಾಣಿಗಳ ಮೇಲಿನ ಪರೀಕ್ಷೆಯೂ ಅದನ್ನೇ ಹೇಳಿತು, ಮಾಲು ವಾಪಸ್ ತರಿಸಿದರು. ಮುಂದಿನ ವರ್ಷದಿಂದ ಆ ಕಾಯಿಲೆಯ ಹೊಸ ಕೇಸುಗಳು ನಿಂತೇ ಹೋದವು. ಅಷ್ಟರಲ್ಲಿ 17 ವರ್ಷ ಕಳೆದಿತ್ತು. ಪರಿಹಾರಕ್ಕೆ ಅರ್ಜಿ ಹಾಕಿದವರು 7,000 ದಾಟಿದರು. ಅವರಲ್ಲಿ ಸತ್ತವರೇ ಸಾವಿರಕ್ಕೂ ಹೆಚ್ಚು.

ಇದರಲ್ಲಿ ನನಗೆ ಜಾಸ್ತಿ ಸಿಟ್ಟು ಬರಿಸುವುದು ಒಂದು ವಿಷಯ. ಹೆಚ್ಚು ಎಚ್ಚರ ವಹಿಸಿದ ಮನೆಗಳಿಗೇ ಹೆಚ್ಚು ಪೆಟ್ಟು ಬಿತ್ತು. ಮಗುವಿಗೆ ಸೋಂಕು ಬರಬಾರದು ಅಂತ ದಿನಾ ತಪ್ಪದೆ ದ್ರಾವಣ ಹಾಕಿದವರು, ಮಗುವಿನ ತೊಟ್ಟಿಲ ಪಕ್ಕದಲ್ಲೇ ಯಂತ್ರ ಇಟ್ಟವರು. ಆ ತಾಯಂದಿರು ಲೇಬಲ್ ಓದಿಯೇ ಬಳಸಿದ್ದರು. ಲೇಬಲ್ ಹೇಳಿದಷ್ಟನ್ನೇ ಮಾಡಿದ್ದರು. ಹಾಗಿರುವಾಗ "ಬಳಸುವವರು ಜಾಗ್ರತೆಯಿಂದ ಇರಬೇಕು" ಎಂದು ಮತ್ತೆ ಮತ್ತೆ ಪ್ರಕಟಣೆ ಕೊಡುವುದರಲ್ಲಿ ಏನು ಅರ್ಥ?

ಇಷ್ಟೆಲ್ಲ ಆದ ಮೇಲೆ ಕೊರಿಯಾ ತನ್ನ ಕಾನೂನು ಬದಲಿಸಿತು. ಸೋಂಕುನಾಶಕ ಇರುವ ಮನೆಬಳಕೆಯ ವಸ್ತು ಮಾರಬೇಕಾದರೆ ಅದು ಸುರಕ್ಷಿತ ಎಂದು ಮೊದಲು ತೋರಿಸಬೇಕು ಎಂಬ ಕಾಯ್ದೆ ಅಲ್ಲಿ 2019ರಿಂದ ಜಾರಿಯಲ್ಲಿದೆ. ಉಳಿದ ಕಡೆಯವರೂ ಅಂಥದ್ದೇ ಒಂದು ದುರಂತಕ್ಕೆ ಕಾಯಬೇಕಾ?

ನನ್ನನ್ನು ತಪ್ಪು ತಿಳಿಯಬೇಡಿ. "ಕೆಮಿಕಲ್ ಅಂದರೇ ವಿಷ" ಎಂದು ಕೂಗುವ ಗುಂಪಿನವನಲ್ಲ ನಾನು. ನೀರೂ ಕೆಮಿಕಲ್ಲೇ. ಬ್ಲೀಚ್ ಇಲ್ಲದಿದ್ದರೆ ಎಷ್ಟೋ ಊರುಗಳಲ್ಲಿ ಕಾಲರಾ ಇನ್ನೂ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಸೋಪು ಉಳಿಸಿದಷ್ಟು ಜೀವಗಳನ್ನು ಬೇರೆ ಯಾವುದು ಉಳಿಸಿದೆಯೋ ಗೊತ್ತಿಲ್ಲ. ಇನ್ನೊಂದು ಕಡೆ "ನೈಸರ್ಗಿಕ" ಎಂದು ಹಸಿರು ಎಲೆಯ ಚಿತ್ರ ಹಾಕಿ ಮಾರುವುದೆಲ್ಲ ಸಾಧು ಪ್ರಾಣಿ ಅಂತಲೂ ಅಲ್ಲ. ನಿಂಬೆ, ಕಿತ್ತಳೆ ಸಿಪ್ಪೆಯಿಂದ ಬರುವ ಲಿಮೊನೀನ್ ಎಂಬ ಸುವಾಸನೆಯ ವಸ್ತು ಇದೆ. ಅದು ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿದೆ. ನಿಂಬೆ ವಾಸನೆ ಬಂದ ಕೂಡಲೇ ಓಡಿಹೋಗಿ ಅಂತಲ್ಲ, ಪ್ರಮಾಣ ಮುಖ್ಯ, ಕಿಟಕಿ ತೆರೆದಿದೆಯಾ ಅನ್ನುವುದು ಮುಖ್ಯ. ಆದರೆ ಪ್ರಮಾಣ ಲೆಕ್ಕ ಹಾಕಬೇಕಾದರೆ ಒಳಗೆ ಏನಿದೆ ಅಂತ ಮೊದಲು ಗೊತ್ತಾಗಬೇಕಲ್ಲ!

ಈಗ ಲೇಬಲ್ ಮೇಲೆ ಏನಿರುತ್ತದೆ ನೋಡಿ. 99.9 ಶೇಕಡಾ ಕೀಟಾಣು ಸಾಯುತ್ತವೆ ಎಂದು ದಪ್ಪ ಅಕ್ಷರ. ನಗುವ ಕುಟುಂಬ. ಹೂವು. ಹಿಂದೆ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಒಂದೋ ಎರಡೋ ಸಕ್ರಿಯ ವಸ್ತುಗಳ ಹೆಸರು, ಆಮೇಲೆ "ಸುಗಂಧ, ಬಣ್ಣ, ಇತರೆ". ಈ "ಸುಗಂಧ" ಅನ್ನುವುದು ಒಂದು ವಸ್ತು ಅಲ್ಲ. ಸುಗಂಧ ತಯಾರಿಕೆಯಲ್ಲಿ ಬಳಸುವ ವಸ್ತುಗಳು ಎಂದು ಆ ಉದ್ಯಮವೇ ಪ್ರಕಟಿಸಿರುವ ಪಟ್ಟಿಯಲ್ಲಿ 3,000ಕ್ಕೂ ಹೆಚ್ಚು ಹೆಸರುಗಳಿವೆ. ಅದರಲ್ಲಿ ಯಾವ ಹತ್ತು, ಯಾವ ಐವತ್ತು ನಮ್ಮ ಬಾಟ್ಲಿಯಲ್ಲಿವೆ ಎಂಬುದು ನಮಗೆ ಗೊತ್ತಾಗುವುದಿಲ್ಲ. ಹೆಚ್ಚಿನವರಿಗೆ ಅದರಿಂದ ಏನೂ ಆಗದಿರಬಹುದು. ಆದರೆ ಅಲರ್ಜಿ ಇರುವವರಿಗೆ, ಆಸ್ತಮಾ ಇರುವವರಿಗೆ ಅದು ಜೀವನದ ಪ್ರಶ್ನೆ. ನಾನೊಮ್ಮೆ ಒಂದು ಬಾಟ್ಲಿಯ ಮೇಲಿದ್ದ ಗ್ರಾಹಕ ಸೇವೆಯ ನಂಬರಿಗೆ ಫೋನ್ ಮಾಡಿ ಸುಗಂಧ ಅಂದರೆ ಏನೇನು ಎಂದು ಕೇಳಿದ್ದೆ. ತುಂಬಾ ವಿನಯದಿಂದ ಮಾತಾಡಿದರು, ಉತ್ತರ ಮಾತ್ರ ಕೊಡಲಿಲ್ಲ. ಅದು ಕಂಪನಿಯ ಗುಟ್ಟಂತೆ.

ಗುಟ್ಟು ಯಾರಿಂದ ಅಂತ ಕೇಳಬೇಕು. ಇವತ್ತು ಯಾವುದೇ ಪೈಪೋಟಿ ಕಂಪನಿ ಒಂದು ಬಾಟ್ಲಿ ಕೊಂಡು ಲ್ಯಾಬಿನಲ್ಲಿ ಯಂತ್ರಕ್ಕೆ ಹಾಕಿದರೆ ಒಳಗಿನ ಮುಖ್ಯ ವಸ್ತುಗಳೆಲ್ಲ ಗೊತ್ತಾಗುತ್ತವೆ. ಗೊತ್ತಾಗದೆ ಉಳಿಯುವುದು ಅದನ್ನು ಮನೆಯಲ್ಲಿ ಬಳಸುವವರಿಗೆ ಮಾತ್ರ. ಯುರೋಪಿನಲ್ಲಿ ಸೌಂದರ್ಯವರ್ಧಕಗಳ ಲೇಬಲ್ ಮೇಲೆ ಬಿಡಿಬಿಡಿಯಾಗಿ ಹೆಸರಿಸಲೇಬೇಕಾದ ಸುಗಂಧದ ಅಲರ್ಜಿಕಾರಕಗಳು ಮೊದಲು 26 ಇದ್ದವು, 2023ರ ನಿಯಮದಿಂದ ಅದು 80 ದಾಟಿದೆ. ಅಲ್ಲಿ ಯಾವ ಕಂಪನಿಯೂ ಅದಕ್ಕಾಗಿ ಬಾಗಿಲು ಹಾಕಿಕೊಂಡು ಹೋಗಿಲ್ಲ. ಕ್ಯಾಲಿಫೋರ್ನಿಯಾ 2017ರಲ್ಲಿ ಶುಚಿ ಮಾಡುವ ವಸ್ತುಗಳಿಗೇ ಒಂದು ಕಾನೂನು ತಂತು. 2020ರಿಂದ ವೆಬ್‌ಸೈಟಿನಲ್ಲಿ, 2021ರಿಂದ ಬಾಟ್ಲಿಯ ಮೇಲೂ ಒಳಗಿರುವುದನ್ನು ಹೇಳಬೇಕು. ವ್ಯಾಪಾರದ ಗುಟ್ಟಿಗೆ ಅದರಲ್ಲೂ ಸ್ವಲ್ಪ ಜಾಗ ಬಿಟ್ಟಿದ್ದಾರೆ. ಆದರೆ ಅಪಾಯದ ಪಟ್ಟಿಯಲ್ಲಿರುವ ರಾಸಾಯನಿಕಗಳಿಗೆ ಆ ರಿಯಾಯಿತಿ ಇಲ್ಲ. ಅದೇ ಕಂಪನಿಗಳು ಅಲ್ಲಿ ಬರೆಯುವುದನ್ನು ಬೇರೆ ಕಡೆ ಬರೆಯುವುದಿಲ್ಲ ಅಂದರೆ, ಬರೆಯಲು ಆಗುವುದಿಲ್ಲ ಅನ್ನುವುದು ಕಾರಣವಲ್ಲ. ನೀವು ಕೇಳಿಲ್ಲ, ಅಷ್ಟೇ.

ಇನ್ನೂ ಒಂದು ಕೇಳಿ. ಇದೇ ದ್ರಾವಣ ಡ್ರಮ್ಮಿನಲ್ಲಿ ಕಾರ್ಖಾನೆಗೆ ಹೋದರೆ ಅದರ ಜೊತೆ ಸುರಕ್ಷತಾ ಮಾಹಿತಿಯ ಹಾಳೆ ಹೋಗುತ್ತದೆ. ಅದಕ್ಕೆ 16 ಭಾಗ. ಏನಿದೆ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಯಾವುದರ ಜೊತೆ ಬೆರೆಸಬಾರದು, ಯಾವ ಕೈಗವಸು ಹಾಕಬೇಕು, ಎಲ್ಲ ಅದರಲ್ಲಿರುತ್ತದೆ. ಸಣ್ಣ ಬಾಟ್ಲಿಗೆ ತುಂಬಿ ಹೂವಿನ ಚಿತ್ರ ಅಂಟಿಸಿದ ಕೂಡಲೇ ಆ ಹಾಳೆ ಮಾಯ. ಕಾರ್ಖಾನೆಯಲ್ಲಿ ಇರುವವನು ದೊಡ್ಡವನು, ಎಂಟು ಗಂಟೆ ಕೆಲಸ ಮಾಡಿ ಮನೆಗೆ ಹೋಗುತ್ತಾನೆ. ಮನೆಯಲ್ಲಿ ಅಂಬೆಗಾಲಿಡುವ ಕೂಸು ಆಗ ತಾನೇ ಒರೆಸಿದ ನೆಲದ ಮೇಲೆ ಕೈಯಿಟ್ಟು ಆ ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಯಾರಿಗೆ ಜಾಸ್ತಿ ಮಾಹಿತಿ ಬೇಕು ಹೇಳಿ.

"ಬೆರೆಸಬಾರದು" ಎಂಬ ಒಂದು ಮಾತಿನ ಬೆಲೆ ಎಷ್ಟು ಅಂತ ನೋಡೋಣ. ಬ್ಲೀಚ್ ಒಳಗಿರುವುದು ಸೋಡಿಯಂ ಹೈಪೋಕ್ಲೋರೈಟ್. ಎಷ್ಟೋ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಕಲೆ ಹೋಗಲಿಲ್ಲ ಅಂತ ಒಂದರ ಮೇಲೆ ಇನ್ನೊಂದು ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದೂ ಕಿಟಕಿ ಚಿಕ್ಕದಿರುವ, ಬಾಗಿಲು ಮುಚ್ಚಿದ ಕೋಣೆಯಲ್ಲಿ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೇನೆ ಕಂದಕದಲ್ಲಿದ್ದ ಸೈನಿಕರ ಮೇಲೆ ಬಿಟ್ಟದ್ದೂ ಇದೇ ಅನಿಲ. ಬ್ಲೀಚ್ ಜೊತೆ ಅಮೋನಿಯಾ ಸೇರಿದರೆ ಕ್ಲೋರಮೀನ್ ಬರುತ್ತದೆ. ಅಮೋನಿಯಾ ಗಾಜು ಒರೆಸುವ ಕೆಲವು ದ್ರಾವಣಗಳಲ್ಲಿ ಇರುತ್ತದೆ. ಎರಡೂ ಶ್ವಾಸಕೋಶ ಸುಡುವ ಅನಿಲಗಳೇ. ಇದನ್ನು ತಿಳಿಯಲು ರಸಾಯನಶಾಸ್ತ್ರ ಓದಿರಬೇಕಾಗಿಲ್ಲ. "ಇದರಲ್ಲಿ ಆಮ್ಲ ಇದೆ, ಬ್ಲೀಚ್ ಜೊತೆ ಸೇರಿಸಿದರೆ ವಿಷಗಾಳಿ ಬರುತ್ತದೆ" ಎಂಬ ಒಂದು ಸಾಲು ಬಾಟ್ಲಿಯ ಮುಂಭಾಗದಲ್ಲಿ, ಆ ನಗುವ ಕುಟುಂಬದ ಜಾಗದಲ್ಲಿ, ಇದ್ದರೆ ಸಾಕು.

ದಿಢೀರ್ ಆಗುವ ಅಪಾಯವಾದರೆ ಕೆಮ್ಮು ಬಂದು ನಾವೇ ಹೊರಗೆ ಓಡುತ್ತೇವೆ. ನಿಧಾನವಾಗಿ ಆಗುವುದು ಗೊತ್ತೇ ಆಗುವುದಿಲ್ಲ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯುರೋಪಿನ 6,000ಕ್ಕೂ ಹೆಚ್ಚು ಜನರ ಉಸಿರಾಟದ ಸಾಮರ್ಥ್ಯವನ್ನು 20 ವರ್ಷದ ಅವಧಿಯಲ್ಲಿ ಅಳೆದ ಲೆಕ್ಕ ಅದರಲ್ಲಿತ್ತು. ಮನೆಯಲ್ಲಾಗಲಿ ಕೆಲಸವಾಗಿಯಾಗಲಿ ಶುಚಿ ಮಾಡುತ್ತಿದ್ದ ಹೆಂಗಸರ ಶ್ವಾಸಕೋಶ ಬೇರೆಯವರಿಗಿಂತ ಬೇಗ ಸೊರಗಿತ್ತು. ಅದೇ ಕೆಲಸ ಮಾಡಿ ಬದುಕುವ ಹೆಂಗಸರಲ್ಲಿ ಆದ ನಷ್ಟವನ್ನು ಅವರು ದಿನಕ್ಕೊಂದು ಪ್ಯಾಕಿನಂತೆ 10ರಿಂದ 20 ವರ್ಷ ಸಿಗರೇಟು ಸೇದಿದ್ದಕ್ಕೆ ಹೋಲಿಸಿದರು. ಗಂಡಸರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ, ಅದಕ್ಕೆ ಶುಚಿ ಮಾಡುವ ಗಂಡಸರೇ ಆ ಗುಂಪಿನಲ್ಲಿ ಕಮ್ಮಿ ಇದ್ದದ್ದೂ ಒಂದು ಕಾರಣ ಇರಬಹುದು. (ಯಾಕೆ ಕಮ್ಮಿ ಅನ್ನುವುದು ಬೇರೆಯೇ ಪತ್ರ.) ಇಂಥ ಅಧ್ಯಯನ ಕಾರಣವನ್ನು ಖಚಿತವಾಗಿ ಸಾಬೀತು ಮಾಡುವುದಿಲ್ಲ, ಒಪ್ಪುತ್ತೇನೆ. ಆದರೆ ಸ್ಪ್ರೇಗಳನ್ನು ವಾರಕ್ಕೊಮ್ಮೆಯಾದರೂ ಬಳಸುವವರಲ್ಲಿ ಆಸ್ತಮಾ ಲಕ್ಷಣ ಜಾಸ್ತಿ ಎಂದು 2007ರಲ್ಲೇ ಇನ್ನೊಂದು ಯುರೋಪಿಯನ್ ಅಧ್ಯಯನ ಹೇಳಿತ್ತು. ಎರಡೂ ಒಂದೇ ದಿಕ್ಕಿಗೆ ತೋರಿಸುತ್ತಿವೆ.

ಸೊಳ್ಳೆ ಬತ್ತಿಯ ಕಥೆ ಇನ್ನೂ ನೇರ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು, ಅಂದರೆ ಪಿಎಂ 2.5, 75ರಿಂದ 137 ಸಿಗರೇಟುಗಳಷ್ಟು ಎಂದು 2003ರಲ್ಲಿ ಅಳೆದು ತೋರಿಸಿದ್ದಾರೆ. ಸಿಗರೇಟು ಪ್ಯಾಕಿನ ಮೇಲೆ ಭಯಂಕರ ಚಿತ್ರ ಹಾಕಿಸುತ್ತೀರಿ. ಬತ್ತಿಯ ಡಬ್ಬಿಯ ಮೇಲೆ ನೆಮ್ಮದಿಯಾಗಿ ಮಲಗಿದ ಮಗುವಿನ ಚಿತ್ರಕ್ಕೆ ಒಪ್ಪಿಗೆ ಕೊಡುತ್ತೀರಿ. ಡೆಂಗಿ, ಮಲೇರಿಯಾ ಇರುವ ಕಡೆ ಸೊಳ್ಳೆಯಿಂದ ಕಾಪಾಡಿಕೊಳ್ಳಲೇಬೇಕು, ಅದು ಬೇಡ ಅನ್ನುವುದಿಲ್ಲ. ಬತ್ತಿಯೋ ಪರದೆಯೋ ಎಂದು ಆರಿಸಿಕೊಳ್ಳುವವರಿಗೆ ಈ ಲೆಕ್ಕ ಕಣ್ಣ ಮುಂದೆ ಇರಲಿ ಎಂದಷ್ಟೇ ಕೇಳುತ್ತಿದ್ದೇನೆ. ನುಸಿಗುಳಿಗೆಯೂ ಹಾಗೇ. ಅದರಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಪ್ರಪಂಚದಲ್ಲಿ ಸುಮಾರು 40 ಕೋಟಿ ಜನರಿಗೆ ಈ ಕೊರತೆ ಇದೆ, ಬಹಳ ಮಂದಿಗೆ ತಮಗಿದೆ ಅಂತಲೇ ಗೊತ್ತಿಲ್ಲ. ಗುಳಿಗೆಯ ಜೊತೆ ತಿಂಗಳುಗಟ್ಟಲೆ ಇಟ್ಟಿದ್ದ ಬಟ್ಟೆಯನ್ನು ಹಾಗೇ ತೆಗೆದು ಹಸುಗೂಸಿಗೆ ಸುತ್ತಿದ್ದರಿಂದ ಮಗುವಿಗೆ ಕಾಮಾಲೆ ಏರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಪೊಟ್ಟಣದ ಮೇಲೆ ಇದು ಇರಬೇಕಾ ಬೇಡವಾ?

ಈಗ ನೀವು ಹೇಳಬಹುದು, ಅಪಾಯ ಎಂದು ಗೊತ್ತಾದರೆ ನಾವೇ ನಿಷೇಧಿಸುತ್ತೇವಲ್ಲ, ಜನರಿಗೆ ಪಟ್ಟಿ ಯಾಕೆ ಅಂತ. ನಿಷೇಧದ ವೇಗ ಹೇಗಿರುತ್ತದೆ ಅಂತ ಹೇಳುತ್ತೇನೆ. ಗಟ್ಟಿ ಪ್ಲಾಸ್ಟಿಕ್ ತಯಾರಿಸಲು ಬಳಸುವ ಬಿಸ್ಫಿನಾಲ್ ಎ, ಅಂದರೆ ಬಿಪಿಎ, ದೇಹದಲ್ಲಿ ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುತ್ತದೆ ಎಂದು 1936ರಲ್ಲೇ ಗೊತ್ತಾಗಿತ್ತು. ಅದನ್ನು ಮಕ್ಕಳ ಹಾಲಿನ ಬಾಟ್ಲಿಯಿಂದ ತೆಗೆಯಲು ಕೆನಡಾ ತೀರ್ಮಾನಿಸಿದ್ದು 2008ರಲ್ಲಿ, ಯುರೋಪ್ 2011ರಲ್ಲಿ. ದಿನಕ್ಕೆ ಇಷ್ಟು ಹೊಟ್ಟೆಗೆ ಹೋದರೆ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಒಂದು ಮಿತಿ ಇಟ್ಟಿತ್ತು. 2023ರಲ್ಲಿ ಅದೇ ಸಂಸ್ಥೆ ಆ ಮಿತಿಯನ್ನು 20,000 ಪಟ್ಟು ಇಳಿಸಿತು. 20 ಪಟ್ಟು ಅಲ್ಲ, 20,000 ಪಟ್ಟು. ವಿಜ್ಞಾನ ಮುಂದುವರಿದಂತೆ ಲೆಕ್ಕ ಬದಲಾಗುವುದು ಸಹಜ, ಅದನ್ನು ಆಡಿಕೊಳ್ಳುತ್ತಿಲ್ಲ. ಆದರೆ ನಿನ್ನೆಯ ಮಿತಿ ನಂಬಿ ಬದುಕಿದವರಿಗೆ ಒಳಗೇನಿದೆ ಅಂತ ತಿಳಿಯುವ ಹಕ್ಕಾದರೂ ಇರಬೇಕಿತ್ತು, ಅಲ್ವಾ?

ನಿಷೇಧ ಆದ ಮೇಲೂ ಕಥೆ ಮುಗಿಯುವುದಿಲ್ಲ. "ಬಿಪಿಎ ಇಲ್ಲ" ಎಂದು ಬರೆದ ಎಷ್ಟೋ ವಸ್ತುಗಳಲ್ಲಿ ಅದರ ತಮ್ಮನಂಥ ಬಿಪಿಎಸ್ ಬಂದು ಕೂತಿತು. ಅದೂ ಹಾರ್ಮೋನಿನ ಕೆಲಸದಲ್ಲಿ ಕೈಹಾಕುತ್ತದೆ. ಅಮೆರಿಕದಲ್ಲಿ ಮಕ್ಕಳ ರಾತ್ರಿಯುಡುಪಿಗೆ ಬೆಂಕಿ ಹತ್ತದಿರಲಿ ಎಂದು ಸೇರಿಸುತ್ತಿದ್ದ ಬ್ರೋಮಿನ್ ಇರುವ ಟ್ರಿಸ್ ಎಂಬುದನ್ನು 1977ರಲ್ಲಿ ನಿಷೇಧಿಸಿದರು. ಅದರ ಜಾಗಕ್ಕೆ ಕ್ಲೋರಿನ್ ಇರುವ ಟ್ರಿಸ್ ಬಂತು. ಅದನ್ನೂ ಬಟ್ಟೆಯಿಂದ ಓಡಿಸಿದ ಮೇಲೆ ಅದು ಸೋಫಾದ ಫೋಮಿನೊಳಗೆ ಸಿಕ್ಕಿತು. ಒಂದನ್ನು ಹಿಡಿದರೆ ಇನ್ನೊಂದು ಬೇರೆ ಹೆಸರಲ್ಲಿ ಬರುತ್ತದೆ. ಪೂರ್ತಿ ಪಟ್ಟಿ ಹೊರಗಿದ್ದರೆ ಈ ಅದಲುಬದಲನ್ನು ಹತ್ತಾರು ಸಾವಿರ ಕಣ್ಣುಗಳು ಮೊದಲ ದಿನವೇ ನೋಡುತ್ತವೆ. ನಿಮ್ಮ ಇಲಾಖೆಯಲ್ಲಿ ಸಿಬ್ಬಂದಿ ಕಡಿಮೆ ಅಂತ ಸದಾ ಹೇಳುತ್ತೀರಲ್ಲ, ಸಂಬಳವಿಲ್ಲದೆ ಕೆಲಸ ಮಾಡುವ ಸಿಬ್ಬಂದಿ ಸಿಕ್ಕಂತಾಯಿತು.

ಪರೀಕ್ಷೆಯ ಭಾರ ಯಾರ ಮೇಲಿರಬೇಕು ಅನ್ನುವುದಕ್ಕೆ ಟ್ರೈಕ್ಲೋಸಾನ್ ಒಳ್ಳೆಯ ಉದಾಹರಣೆ. ವರ್ಷಗಟ್ಟಲೆ ಕೈ ತೊಳೆಯುವ "ಆಂಟಿ ಬ್ಯಾಕ್ಟೀರಿಯಲ್" ಸೋಪುಗಳಲ್ಲಿ ಅದು ಇತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕಂಪನಿಗಳನ್ನು ಎರಡೇ ಪ್ರಶ್ನೆ ಕೇಳಿತು: ದಿನಾ ಬಳಸಿದರೆ ಸುರಕ್ಷಿತವಾ? ಸಾದಾ ಸೋಪು, ನೀರಿಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದಾ? ಎರಡಕ್ಕೂ ಸಾಕಷ್ಟು ಪುರಾವೆ ಬರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಟ್ರೈಕ್ಲೋಸಾನ್ ಸೇರಿ 19 ವಸ್ತುಗಳನ್ನು ಅಂಥ ಸೋಪುಗಳಿಂದ ತೆಗೆಯಬೇಕು ಎಂದಿತು. ಗಮನಿಸಿ, ವಿಷ ಎಂದು ಇಲಾಖೆ ಸಾಬೀತು ಮಾಡಬೇಕಾಗಿ ಬರಲಿಲ್ಲ. ಒಳ್ಳೆಯದು ಎಂದು ಮಾರುವವರು ತೋರಿಸಲಿಲ್ಲ, ಅಷ್ಟೇ ಸಾಕಾಯಿತು.

ಕೊನೆಯ ತಕರಾರು ನನಗೆ ಗೊತ್ತು: ಯಾರೂ ಲೇಬಲ್ ಓದುವುದಿಲ್ಲ, ಉದ್ದುದ್ದ ಹೆಸರು ಬರೆಸಿ ಏನು ಪ್ರಯೋಜನ. ಎಲ್ಲರೂ ಓದಬೇಕಾಗಿಲ್ಲ. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಕೂತ ವೈದ್ಯರು ಓದಿದರೆ ಸಾಕು. ಮಗುವಿನ ಚರ್ಮ ಯಾಕೆ ಕೆಂಪಾಗುತ್ತಿದೆ ಎಂದು ಹುಡುಕುವ ಒಬ್ಬ ಅಪ್ಪ ಓದಿದರೆ ಸಾಕು. ಅಮೆರಿಕದ ಗಂಟಲು ತಜ್ಞ ಶೆವಲಿಯರ್ ಜಾಕ್ಸನ್ ನೂರು ವರ್ಷದ ಹಿಂದೆ ಇದೇ ವಾದ ಮಾಡಿದ್ದರು. ಪಾತ್ರೆ ತಿಕ್ಕುವ, ಮೋರಿ ತೆರೆಯುವ ಕ್ಷಾರವನ್ನು ಸಕ್ಕರೆಯೋ ಏನೋ ಅಂತ ಬಾಯಿಗೆ ಹಾಕಿಕೊಂಡು ಅನ್ನನಾಳ ಸುಟ್ಟುಕೊಂಡ ಮಕ್ಕಳು ಅವರ ಬಳಿ ಬರುತ್ತಿದ್ದರು, ಒಂದು ಗುಟುಕು ನೀರೂ ಒಳಗೆ ಹೋಗದಂಥ ಸ್ಥಿತಿಯಲ್ಲಿ. ಆಗ ಆ ಡಬ್ಬಿಗಳ ಮೇಲೆ ಎಚ್ಚರಿಕೆಯೇ ಇರಬೇಕಾಗಿರಲಿಲ್ಲ. ಅವರು ವರ್ಷಗಟ್ಟಲೆ ಬೆನ್ನುಬಿದ್ದ ಮೇಲೆ 1927ರಲ್ಲಿ ಕಾನೂನು ಬಂತು. ವಿಷ ಎಂದು ಬರೆಯಬೇಕು, ನುಂಗಿದರೆ ಏನು ಮಾಡಬೇಕು ಎಂದೂ ಬರೆಯಬೇಕು. ಇವತ್ತು ಇದು ಎಷ್ಟು ಸಾಮಾನ್ಯ ಸಂಗತಿ ಅನ್ನಿಸುತ್ತದೆ ಅಂದರೆ, ಇದಕ್ಕೂ ಹೋರಾಡಬೇಕಿತ್ತಾ ಅಂತ ಆಶ್ಚರ್ಯವಾಗುತ್ತದೆ.

ಹಾಗಾಗಿ ದಯವಿಟ್ಟು ಮುಂದಿನ ಕರಡು ನಿಯಮದಲ್ಲಿ ಇವನ್ನು ಸೇರಿಸಿ. ಪ್ರಮಾಣದ ಕ್ರಮದಲ್ಲಿ ಪೂರ್ತಿ ಪಟ್ಟಿ, ಸುಗಂಧವನ್ನೂ ಬಿಡಿಸಿ. ಬಾಟ್ಲಿ ಚಿಕ್ಕದಾದರೆ ಮುಖ್ಯ ಅಪಾಯಗಳು ಮೇಲೆ ಇರಲಿ, ಉಳಿದದ್ದು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಸಿಗಲಿ. ಆದರೆ ಅಪಾಯವನ್ನು ಸ್ಕ್ಯಾನಿನ ಹಿಂದೆ ಅಡಗಿಸುವಂತಿಲ್ಲ, ಎಲ್ಲರ ಕೈಯಲ್ಲೂ ಅಂಥ ಫೋನ್ ಇರುವುದಿಲ್ಲ. ಬೆರೆಸಬಾರದ್ದು ಮುಂಭಾಗದಲ್ಲೇ ಇರಲಿ. ಸ್ಪ್ರೇ ಆಗುವ, ಹೊಗೆಯಾಗುವ, ಆವಿಯಾಗುವ ಯಾವ ವಸ್ತುವಿಗೂ ಉಸಿರಿನ ಪರೀಕ್ಷೆ ಇಲ್ಲದೆ ಒಪ್ಪಿಗೆ ಬೇಡ. "ಸುರಕ್ಷಿತ", "ನೈಸರ್ಗಿಕ", "ಕೆಮಿಕಲ್ ಇಲ್ಲ" ಎಂದು ಬರೆಯುವವರು ಅದಕ್ಕೆ ಪುರಾವೆಯನ್ನು ಮೊದಲು ನಿಮ್ಮ ಮೇಜಿಗೆ ತರಲಿ, ಆ ಪುರಾವೆಯನ್ನು ನಾವೂ ನೋಡುವಂತಿರಲಿ. ಈಗಾಗಲೇ ಅಂಗಡಿಯಲ್ಲಿರುವ ಮಾಲಿಗೆ ಎರಡು ವರ್ಷ ಗಡುವು ಕೊಡಿ, ಪರವಾಗಿಲ್ಲ, ಲೇಬಲ್ ಬದಲಿಸಲು ಅದು ಧಾರಾಳ ಸಾಕು.

ಕರಡು ಹೊರಬಿದ್ದಾಗ ಆಕ್ಷೇಪಣೆ ಸಲ್ಲಿಸುವ ಅವಧಿಯನ್ನು ಸ್ವಲ್ಪ ಉದ್ದ ಇಡಿ. ಕಂಪನಿಗಳ ಬಳಿ ವಕೀಲರಿದ್ದಾರೆ, ಒಂದೇ ವಾರದಲ್ಲಿ ನೂರು ಪುಟ ಕಳಿಸುತ್ತಾರೆ. ನಮಗೆ ಮನೆಗೆಲಸ ಮುಗಿಸಿ ಓದಿ, ಅರ್ಥ ಮಾಡಿಕೊಂಡು, ಬರೆಯಲು ಟೈಮ್ ಬೇಕು.

ಇಂತಿ,
ಒಬ್ಬ ಗ್ರಾಹಕ